ಮನೆ ಕಳೆದುಕೊಂಡವನು ಕಟ್ಟಿದ ಊರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಆ ಗಾದೆಯ ಮೊದಲರ್ಧದ ಕಷ್ಟವನ್ನು ಉಂಡವರಿಗೆ, ಎಕರೆಗಟ್ಟಲೆ ಹೊಲವನ್ನು ಕೊಂಡು, ನಿವೇಶನಗಳಾಗಿ ಸೀಳಿ, ಅಡಿ ಅಡಿಗೂ ಬೆಲೆ ಕಟ್ಟಿ ಮಾರುವ ವ್ಯಾಪಾರಿಯ ಮೇಲೆ ಹೆಚ್ಚಿನ ಪ್ರೀತಿಯಿರಲಾರದು. ಹೀಗಿರುವಾಗ ಅಂಥ ವ್ಯಾಪಾರಿಯೊಬ್ಬನ ಚರಿತ್ರೆಯನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಬರೆಯಹೊರಟದ್ದೇಕೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅಮೆರಿಕದ ಜೇಮ್ಸ್ ರೌಸನ ವೃತ್ತಾಂತವು ಬಹುದಿನಗಳಿಂದ ನನ್ನ ಮನಸ್ಸನ್ನು ಹಿಡಿದಿದೆ. ಆತನು ಕೊಟ್ಟ ದಾನದ ಮೊತ್ತ ಅದಕ್ಕೆ ಕಾರಣವಲ್ಲ; ಅವನಿಗಿಂತ ಹೆಚ್ಚು ಕೊಟ್ಟ ಕುಬೇರರು ಆ ದೇಶದಲ್ಲಿ ಹಲವರಿದ್ದಾರೆ. ಹಗಲೆಲ್ಲ ಕೈಗೆ ಸಿಕ್ಕಿದಂತೆ ಗಳಿಸಿ ಸಂಜೆ ದೇವರ ಹುಂಡಿಗೆ ಒಂದಿಷ್ಟು ಹಾಕಿ ಬರುವ ದಾನಶೀಲತೆ ಲೋಕದಲ್ಲಿ ಎಲ್ಲೆಲ್ಲಿಯೂ ಉಂಟು. ರೌಸನಾದರೋ ತನ್ನ ಕಸುಬಿನೊಳಕ್ಕೇ ಧರ್ಮವನ್ನು ತರಲು ಹೆಣಗಿದನು. ಕೆಲವು ಕಡೆ ಗೆದ್ದನು, ಕೆಲವು ಕಡೆ ಸೋತನು. ಆ ಸೋಲುಗೆಲುವುಗಳೆರಡೂ ನನಗೆ ಸ್ವಾರಸ್ಯವಾಗಿ ಕಂಡಿವೆ.

ಆತನು ಹುಟ್ಟಿದುದು 1914ರ ಏಪ್ರಿಲಿನಲ್ಲಿ, ಮೇರಿಲ್ಯಾಂಡ್ ಸಂಸ್ಥಾನದ ಈಸ್ಟನ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆಯದು ಡಬ್ಬಿಯಲ್ಲಿ ತುಂಬಿದ ಆಹಾರಪದಾರ್ಥಗಳ ದಲಾಲಿ ವ್ಯಾಪಾರ. ಅಣ್ಣಂದಿರು, ಅಕ್ಕಂದಿರು, ಆಟ, ಶಾಲೆ. ಬಾಲ್ಯದಲ್ಲಿ ಕೊರತೆಯೇನೂ ಇದ್ದಂತೆ ಕಾಣುವುದಿಲ್ಲ. 1929ರಲ್ಲಿ ಆ ದೇಶದ ಷೇರುಪೇಟೆ ಕುಸಿದುಬಿತ್ತು. ಮರುವರ್ಷ ತಾಯಿ ತೀರಿಕೊಂಡಳು. ಕೆಲವೇ ತಿಂಗಳಲ್ಲಿ ತಂದೆಯೂ ಹೋದನು. ಹುಟ್ಟಿ ಬೆಳೆದ ಮನೆಯನ್ನು ಸಾಲಕ್ಕಾಗಿ ಬ್ಯಾಂಕಿನವರು ವಶಪಡಿಸಿಕೊಂಡರು. ಹುಡುಗನಿಗೆ ಆಗ ಹದಿನಾರು ವರ್ಷ. ಒಂದೇ ವರ್ಷದಲ್ಲಿ ತಾಯಿ, ತಂದೆ, ಮನೆ ಮೂರೂ ಇಲ್ಲವಾದುವು. ಮುಂದೆ ಈತನು ಮನೆಸಾಲದ ವ್ಯಾಪಾರಕ್ಕೇ ಕೈಹಾಕಿದನೆಂಬುದು ವಿಧಿಯ ವಿನೋದವೋ, ಮನಸ್ಸಿನೊಳಗಿನ ಯಾವುದೋ ಗಾಯದ ಒತ್ತಡವೋ, ಹೇಳುವುದು ಕಷ್ಟ. ನನಗಂತೂ ಎರಡನೆಯದೇ ನಿಜವೆಂದು ತೋರುತ್ತದೆ.

ಅಕ್ಕನ ಗಂಡನು ನೌಕಾಸೈನ್ಯದಲ್ಲಿದ್ದುದರಿಂದ ಹುಡುಗನು ಅವರ ಆಶ್ರಯದಲ್ಲಿ ಹವಾಯಿ ದ್ವೀಪದಲ್ಲಿ ಸ್ವಲ್ಪ ಕಾಲ ಓದಿದನು. ಬಳಿಕ ವರ್ಜೀನಿಯದ ವಿಶ್ವವಿದ್ಯಾನಿಲಯಕ್ಕೆ ಸೇರಿದನು. ಅಲ್ಲಿಯೂ ಹಣ ಸಾಲದೆ ಬಿಟ್ಟುಬರಬೇಕಾಯಿತು. 1933ರಲ್ಲಿ ಬಾಲ್ಟಿಮೋರ್ ನಗರಕ್ಕೆ ಬಂದವನು, ಮೋಟಾರುಗಳನ್ನು ನಿಲ್ಲಿಸುವ ಗ್ಯಾರೇಜಿನಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಕಾಲೇಜಿನಲ್ಲಿ ಕಾನೂನು ಕಲಿತು 1937ರಲ್ಲಿ ಪದವಿ ಪಡೆದನು. ವಕೀಲಿ ಮಾತ್ರ ಮಾಡಲಿಲ್ಲ. ಅಷ್ಟರಲ್ಲಿ ಆತನಿಗೆ ಬೇರೊಂದು ದಾರಿ ಕಂಡಿತ್ತು.

ಆ ದಾರಿ ಯಾವುದೆಂದು ಎರಡು ಮಾತು ಹೇಳಬೇಕು. ಅಮೆರಿಕದಲ್ಲಿ ಅದುವರೆಗೆ ಮನೆಯ ಮೇಲೆ ಸಾಲ ತೆಗೆದರೆ ಮೂರು, ಐದು, ಹೆಚ್ಚೆಂದರೆ ಹತ್ತು ವರ್ಷಗಳಲ್ಲಿ ಅಸಲನ್ನು ಒಂದೇ ಗಂಟಾಗಿ ತೀರಿಸಬೇಕಾಗಿತ್ತು. ಒಳ್ಳೆಯ ಕಾಲದಲ್ಲಿ ಹಳೆಯ ಸಾಲಕ್ಕೆ ಹೊಸ ಸಾಲ ಹುಟ್ಟುತ್ತಿತ್ತು; ಕೆಟ್ಟ ಕಾಲ ಬಂದಾಗ ಬ್ಯಾಂಕುಗಳು ಕೈಯೆತ್ತಿದುವು, ಲಕ್ಷಾಂತರ ಸಂಸಾರಗಳು ಬೀದಿಗೆ ಬಂದುವು. 1934ರಲ್ಲಿ ಸರಕಾರವು ಗೃಹನಿರ್ಮಾಣಕ್ಕಾಗಿ ಒಂದು ಇಲಾಖೆಯನ್ನು ಸ್ಥಾಪಿಸಿ, ಇಂಥ ಸಾಲಗಳಿಗೆ ತಾನು ಜಾಮೀನು ನಿಲ್ಲುವೆನೆಂದಿತು. ಅಂದಿನಿಂದ ಇಪ್ಪತ್ತು ವರ್ಷಗಳ ಅವಧಿಗೆ, ತಿಂಗಳು ತಿಂಗಳೂ ಅಸಲು ಬಡ್ಡಿ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ತೀರಿಸುವ ಸಾಲ ಬಳಕೆಗೆ ಬಂತು. ಇಂದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ತಿಂಗಳ ಮೊದಲ ವಾರದ ಚಿಂತೆಯಾಗಿರುವ ಕಂತೂ ಇದೇ ಜಾತಿಯದು. ತರುಣ ರೌಸನು ಓದುತ್ತಿದ್ದ ಕಾಲದಲ್ಲಿಯೇ ಈ ಇಲಾಖೆಯಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ, ಅದರ ಒಳಹೊರಗನ್ನೆಲ್ಲ ತಿಳಿದುಕೊಂಡನು. 1939ರಲ್ಲಿ ಹಂಟರ್ ಮಾಸ್ ಎಂಬ ಮಿತ್ರನೊಡನೆ ಇಪ್ಪತ್ತು ಸಾವಿರ ಡಾಲರುಗಳನ್ನು ಸಾಲವಾಗಿ ಎತ್ತಿ, ಜನರಿಗೆ ಮನೆಸಾಲ ಒದಗಿಸುವ ಕಂಪನಿಯೊಂದನ್ನು ತೆರೆದನು. ಮನೆಯನ್ನು ಕಿತ್ತುಕೊಂಡ ಸಾಲದ ಬದಲಾಗಿ ಮನೆಯನ್ನು ಕೊಡಿಸುವ ಸಾಲ!

ಆದರೆ ಈ ವರಕ್ಕೂ ಒಂದು ಶಾಪ ಅಂಟಿಕೊಂಡಿತ್ತು. ಕಪ್ಪು ಜನಾಂಗದವರು ವಾಸಿಸುವ ಕೇರಿಗಳಲ್ಲಿನ ಮನೆಗೆ ಸರಕಾರದ ಜಾಮೀನು ದೊರೆಯುತ್ತಿರಲಿಲ್ಲ. ಬಿಳಿಯರೂ ಕಪ್ಪುಜನರೂ ಬೆರೆತರೆ ಮನೆಗಳ ಬೆಲೆ ಇಳಿಯುವುದೆಂದು ಇಲಾಖೆಯ ಕೈಪಿಡಿಯೇ ಹೇಳುತ್ತಿತ್ತು. ಹೀಗಾಗಿ ಬಿಳಿಯರು ಸುಲಭ ಸಾಲದಿಂದ ಊರಾಚೆ ಹೊಸ ಮನೆ ಕಟ್ಟಿಕೊಂಡು ಹೋದರು. ಉಳಿದವರು ಹಳೆಯ ನಗರದ ಬಾಡಿಗೆ ಗೂಡುಗಳಲ್ಲಿ ಉಳಿದರು. ರೌಸನ ವ್ಯಾಪಾರವು ಬೆಳೆದುದೂ ಈ ನೆಲದಲ್ಲಿಯೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಯುದ್ಧಕಾಲದಲ್ಲಿ ನೌಕಾಸೈನ್ಯದ ಸೇವೆ ಮುಗಿಸಿ ಬಂದ ಮೇಲೆ ಆತನು ಸಾಲ ಕೊಡಿಸುವುದರಿಂದ ಕಟ್ಟಡ ಕಟ್ಟುವುದಕ್ಕೆ ಮುಂದುವರಿದನು. ಹೊಸ ಬಡಾವಣೆಗಳ ನಡುವೆ ಸೂರು ಹೊದಿಸಿದ ಅಂಗಡಿಬೀದಿಗಳನ್ನು, ಈಗ ನಾವು ಮಾಲ್ ಎನ್ನುವುದನ್ನು, ಕಟ್ಟಿದವರಲ್ಲಿ ಆತನು ಅಗ್ರೇಸರನು. ಬಾಲ್ಟಿಮೋರಿನ ಬಳಿ 1958ರಲ್ಲಿ ತೆರೆದ ಹ್ಯಾರಂಡೇಲ್ ಮಾಲ್ ಆತನದೇ. ಊರಿನ ಪೇಟೆಯನ್ನು ಹೀರಿ ಒಣಗಿಸಿದ್ದು ಈ ಅಂಗಡಿಬೀದಿಗಳೇ ಎಂಬ ಆಪಾದನೆಯೂ ಬಂತು. ಆಪಾದನೆ ಸುಳ್ಳಲ್ಲ. ಸಾಲು ಅಂಗಡಿಗಳ ಮುಂದೆ ಹೊಸಬಟ್ಟೆ ಹೊತ್ತು ನಡೆಯುವ ಜನರ ನಗುಮುಖ ಕಂಡು ತೃಪ್ತನಾಗುವ ವ್ಯಾಪಾರಿಗೆ, ಎರಡು ಹರಿದಾರಿ ದೂರದಲ್ಲಿ ಬಾಗಿಲು ಮುಚ್ಚಿದ ಹಳೆಯ ಅಂಗಡಿ ಕಾಣುವುದು ತಡವಾಗಿಯೇ. ರೌಸನಿಗೆ ಅದು ಕಂಡಿತು. ಅದರ ಮಾತು ಮುಂದೆ ಬರುತ್ತದೆ.

ಇನ್ನು ಕೊಲಂಬಿಯದ ಕಥೆ. ಆತನ ಜೀವನದ ಮಹಾಕಾರ್ಯವೆಂದರೆ ಇದೇ.

ವಾಷಿಂಗ್ಟನ್ ನಗರಕ್ಕೂ ಬಾಲ್ಟಿಮೋರಿಗೂ ನಡುವೆ ಹವರ್ಡ್ ಎಂಬ ಜಿಲ್ಲೆಯುಂಟು. ಅಂದು ಅದು ಹೊಲ, ಹುಲ್ಲುಗಾವಲು, ಹಸುಗಳ ನಾಡು. 1962ರಿಂದ 1963ರವರೆಗೆ ಅಲ್ಲಿ ಯಾರೋ ಅಜ್ಞಾತರು ಜಮೀನುಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು. ಕ್ರಯಪತ್ರಗಳಲ್ಲಿ ಬೇರೆಬೇರೆ ಕಂಪನಿಗಳ ಹೆಸರು. ವಾಷಿಂಗ್ಟನ್ನಿನ ಕಸವನ್ನು ತಂದು ಸುರಿಯುವರಂತೆ ಎಂದು ಒಬ್ಬರು, ಜರ್ಮನಿಯ ಮೋಟಾರು ಕಾರ್ಖಾನೆ ಬರುವುದಂತೆ ಎಂದು ಇನ್ನೊಬ್ಬರು. 140ಕ್ಕೂ ಹೆಚ್ಚು ಮಾಲೀಕರಿಂದ 14,000 ಎಕರೆಗೂ ಮೇಲ್ಪಟ್ಟ ಭೂಮಿ ಹೀಗೆ ಕೈಸೇರಿತು. ಅದು ಇಡೀ ಜಿಲ್ಲೆಯ ಸುಮಾರು ಹತ್ತನೆಯ ಒಂದು ಪಾಲು! ಎಕರೆಗೆ ಸರಾಸರಿ 1,500 ಡಾಲರು; ಒಟ್ಟು ಸುಮಾರು 2.3 ಕೋಟಿ ಡಾಲರು. ಹಣವನ್ನು ಒದಗಿಸಿದುದು ಕನೆಕ್ಟಿಕಟ್ ಜನರಲ್ ಎಂಬ ವಿಮಾಸಂಸ್ಥೆ. 1963ರ ಅಕ್ಟೋಬರಿನಲ್ಲಿ ರೌಸನು ಜಿಲ್ಲಾಧಿಕಾರ ಮಂಡಲಿಯ ಮುಂದೆ ಬಂದು, ಕೊಂಡವನು ತಾನೇ ಎಂದು ಹೇಳಿದನು. ಬೆಳವಣಿಗೆಗೆ ಕಡಿವಾಣ ಹಾಕುತ್ತೇವೆಂದು ಹೇಳಿ ಹಿಂದಿನ ವರ್ಷವಷ್ಟೇ ಆರಿಸಿಬಂದಿದ್ದ ಸದಸ್ಯರ ಮುಖ ಆಗ ಹೇಗಿದ್ದಿರಬಹುದು!

ಈ ಗುಟ್ಟಿನ ವ್ಯವಹಾರವು ನನಗೆ ಪೂರ್ತಿ ಸಮಾಧಾನ ತಂದಿಲ್ಲ. ಉದ್ದೇಶ ಬಯಲಾದರೆ ಬೆಲೆ ಗಗನಕ್ಕೇರುವುದು, ಯೋಜನೆಯೇ ನಿಲ್ಲುವುದು ಎಂಬುದು ಸರಿ. ಆದರೆ ತಲೆಮಾರುಗಳಿಂದ ಉತ್ತ ಹೊಲವನ್ನು ಮಾರಿದ ರೈತನು, ಪಕ್ಕದಲ್ಲಿಯೇ ಒಂದು ನಗರವೆದ್ದು ಎಕರೆಯ ಬೆಲೆ ಹತ್ತಾರು ಪಟ್ಟು ಏರಿದುದನ್ನು ಕಂಡಾಗ ಏನೆಂದುಕೊಂಡಿರಬೇಕು? ಅವನಿಗೆ ಅಂದಿನ ಪೇಟೆಯ ನ್ಯಾಯವಾದ ಬೆಲೆಯೇ ದೊರೆತಿತ್ತೆಂಬ ಸಮಾಧಾನವು ಪುಸ್ತಕದಲ್ಲಿ ಓದುವವರಿಗಷ್ಟೇ ಸಾಕು.

ಭೂಮಿ ಸಿಕ್ಕಿದ ಮೇಲೆ ರೌಸನು ಮಾಡಿದ ಮೊದಲ ಕೆಲಸ ಮಾತ್ರ ಬಲು ವಿಚಿತ್ರವಾದುದು. ಎಂಜಿನಿಯರುಗಳನ್ನು ಕರೆಯುವ ಮುಂಚೆಯೇ ವೈದ್ಯರು, ಉಪಾಧ್ಯಾಯರು, ಸಮಾಜಶಾಸ್ತ್ರಜ್ಞರು, ಮನಶ್ಶಾಸ್ತ್ರಜ್ಞರು ಮೊದಲಾದವರನ್ನು ಕೂಡಿಸಿ, ತಿಂಗಳುಗಟ್ಟಲೆ ಚರ್ಚೆ ನಡೆಯಿಸಿದನು. ಒಂಟಿ ಮುದುಕಿಗೆ ಈ ಊರಿನಲ್ಲಿ ಏನು ಬೇಕು? ಮಗುವು ರಸ್ತೆ ದಾಟದೆ ಶಾಲೆಗೆ ಹೋಗುವುದು ಹೇಗೆ? ಹೊಸದಾಗಿ ಬಂದ ಗೃಹಿಣಿಗೆ ನೆರೆಯವಳ ಪರಿಚಯವಾಗುವುದೆಲ್ಲಿ? ಇವೆಲ್ಲ ಅಲ್ಲಿಯ ಪ್ರಶ್ನೆಗಳು. ಅವುಗಳಿಂದ ಹುಟ್ಟಿದ ಊರಿನ ನಕ್ಷೆಯೂ ಸರಳವಾದುದೇ. ಶಾಲೆಯೊಂದನ್ನು ನಡುವಿಟ್ಟುಕೊಂಡು ಕೆಲವು ನೂರು ಮನೆಗಳ ಒಂದು ನೆರೆ. ಅಂಥ ಕೆಲವು ನೆರೆಗಳು ಸೇರಿ, ಅಂಗಡಿಸಾಲನ್ನೂ ಸಭಾಭವನವನ್ನೂ ಉಳ್ಳ ಒಂದು ಗ್ರಾಮ. ಗ್ರಾಮಗಳೆಲ್ಲ ಸೇರಿ ನಗರ. ನಡುನಡುವೆ ಕಾಡು, ಹೊಳೆ, ಕಟ್ಟೆಹಾಕಿ ಮಾಡಿದ ಕೆರೆಗಳು.

ಅಂಚೆಪೆಟ್ಟಿಗೆಯ ವಿಚಾರವೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಮನೆಮನೆಯ ಮುಂದೆ ಒಂದೊಂದು ಪೆಟ್ಟಿಗೆಯಿಡುವ ಬದಲು, ಬೀದಿಯ ಹತ್ತಿಪ್ಪತ್ತು ಮನೆಗಳ ಪೆಟ್ಟಿಗೆಗಳನ್ನು ಒಂದೇ ಕಡೆ ಜೋಡಿಸಿಟ್ಟರು. ಕಾಗದ ತರಲು ಹೋದವರು ಅಲ್ಲಿ ಎದುರುಬದುರಾಗಲೇಬೇಕು, ಎದುರಾದವರು ಒಂದು ಮಾತಾದರೂ ಆಡಲೇಬೇಕು. ನಮ್ಮ ಹಳ್ಳಿಗಳಲ್ಲಿ ನೀರು ಸೇದುವ ಬಾವಿಕಟ್ಟೆಯು ಯಾರ ಯೋಜನೆಯೂ ಇಲ್ಲದೆ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಯೋಚಿಸಿ ಮಾಡಬೇಕಾಯಿತು. ಹಾಗೆಯೇ ಮತಮತಕ್ಕೂ ಬೇರೆಬೇರೆ ದೇವಾಲಯವನ್ನು ಕಟ್ಟದೆ ಗ್ರಾಮಕ್ಕೊಂದು ಸರ್ವಮತ ಮಂದಿರವಿರಲೆಂದರು. ಮೊದಲನೆಯದು 1970ರಲ್ಲಿ ತೆರೆಯಿತು. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಯೆಹೂದ್ಯರು ಒಂದೇ ಸೂರಿನಡಿಯಲ್ಲಿ ತಮ್ಮ ತಮ್ಮ ಪ್ರಾರ್ಥನೆಗಳನ್ನು ನಡೆಯಿಸಿಕೊಂಡರು. ಬೀದಿಗಳ ಹೆಸರುಗಳನ್ನು ಕಾವ್ಯಗಳಿಂದಲೂ ಕಥೆಗಳಿಂದಲೂ ಆರಿಸಿದರು. ಅವುಗಳಲ್ಲಿ ಕೆಲವು ವಿಳಾಸ ಬರೆಯುವವರಿಗೆ ನಗು ಬರಿಸುವಂಥವು.

ಇವೆಲ್ಲಕ್ಕಿಂತ ಮುಖ್ಯವಾದುದು ಮತ್ತೊಂದು. ಮೇರಿಲ್ಯಾಂಡಿನಲ್ಲಿ ಬಿಳಿಯರಿಗೂ ಕಪ್ಪುಜನರಿಗೂ ಮದುವೆಯಾಗಕೂಡದೆಂಬ ಕಾನೂನು 1967ರವರೆಗೆ ಜೀವಂತವಾಗಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ಕೊಲಂಬಿಯದ ಬಾಗಿಲು ತೆರೆಯಿತು. ಅಲ್ಲಿ ಯಾರು ಬೇಕಾದರೂ ಯಾವ ಮನೆಯನ್ನಾದರೂ ಕೊಳ್ಳಬಹುದೆಂದು ಮೊದಲ ದಿನದಿಂದಲೇ ಕಟ್ಟಳೆಯಾಯಿತು. ಮನೆಗಳ ಮಾರಾಟದಲ್ಲಿ ವರ್ಣಭೇದವನ್ನು ನಿಷೇಧಿಸುವ ರಾಷ್ಟ್ರದ ಕಾನೂನು ಬಂದುದು ಮರುವರ್ಷ, 1968ರಲ್ಲಿ. ವ್ಯಾಪಾರ ಬಲ್ಲವರು ಇದು ಹುಚ್ಚೆಂದರು. ಬಿಳಿಯರು ಬರುವುದಿಲ್ಲ, ಬೆಲೆ ಬೀಳುವುದೆಂದು ಎಚ್ಚರಿಸಿದರು. ಬೆಲೆ ಬೀಳಲಿಲ್ಲ, ಜನ ಬಂದರು. ಸಾಲದ ಇಲಾಖೆಯ ಕೈಪಿಡಿಯ ಆ ಹಳೆಯ ವಾಕ್ಯವು ಸುಳ್ಳೆಂದು ತೋರಿಸಿದವನು ಅದೇ ಪಾಠಶಾಲೆಯಲ್ಲಿ ಪಳಗಿದ ವ್ಯಾಪಾರಿ.

ಊರಿನ ಉದ್ದೇಶಗಳನ್ನು ರೌಸನು ನಾಲ್ಕಾಗಿ ಹೇಳುತ್ತಿದ್ದನು: ಸಮಗ್ರವಾದ ನಗರವನ್ನು ಕಟ್ಟುವುದು, ನೆಲವನ್ನು ಗೌರವಿಸುವುದು, ಜನರ ವಿಕಾಸಕ್ಕೆ ಎಡೆಗೊಡುವುದು, ಲಾಭ ಗಳಿಸುವುದು. ನಾಲ್ಕನೆಯದನ್ನು ಅಷ್ಟು ಬಿಚ್ಚುಮನಸ್ಸಿನಿಂದ ಹೇಳಿದುದು ನನಗೆ ಮೆಚ್ಚಿಗೆ. ಲಾಭವಿಲ್ಲದಿದ್ದರೆ ಇದು ಒಬ್ಬನ ಶೋಕಿಯಾಗುವುದು, ಎರಡನೆಯವನು ಅನುಸರಿಸನು ಎಂಬುದು ಅವನ ವಾದ. ಆದರೆ ಲಾಭವು ಸುಲಭವಾಗಿ ಬರಲಿಲ್ಲ. 1970ರ ದಶಕದ ನಡುವಿನ ಆರ್ಥಿಕ ಮುಗ್ಗಟ್ಟಿನಲ್ಲಿ ಮನೆಗಳ ಮಾರಾಟ ಕುಗ್ಗಿ, ಸಾಲದ ಬಡ್ಡಿ ಬೆಟ್ಟವಾಗಿ ಬೆಳೆಯಿತು. ಅದನ್ನು ದಾಟಿ ಊರು ಉಳಿಯಿತು. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1,04,681. ಕಚೇರಿಯ ಕಸ ಗುಡಿಸುವವನೂ ಆ ಕಚೇರಿಯ ಯಜಮಾನನೂ ಒಂದೇ ಊರಿನಲ್ಲಿ ಮನೆ ಮಾಡಬೇಕೆಂಬುದು ರೌಸನ ಆಸೆಯಾಗಿತ್ತು. ಬಣ್ಣದ ಗೋಡೆ ಬಿದ್ದಿತು. ಹಣದ ಗೋಡೆಯಾದರೋ ಊರು ಚೆನ್ನಾದಷ್ಟೂ ಎತ್ತರವಾಯಿತು. ಒಳ್ಳೆಯ ಊರಿನ ಮನೆಗೆ ಒಳ್ಳೆಯ ಬೆಲೆ.

ಈ ನಡುವೆ ಆತನು ಹಳೆಯ ನಗರಗಳ ಕಡೆಗೂ ತಿರುಗಿದನು. ಬಾಸ್ಟನ್ನಿನ ಪಾಳುಬಿದ್ದ ಹಳೆಯ ಮಾರುಕಟ್ಟೆಯನ್ನು ದುರಸ್ತು ಮಾಡಿಸಿ 1976ರ ಆಗಸ್ಟಿನಲ್ಲಿ ತೆರೆದಾಗ ಜನ ಜಾತ್ರೆಯಂತೆ ನೆರೆಯಿತು. 1980ರಲ್ಲಿ ಬಾಲ್ಟಿಮೋರಿನ ಬಂದರಿನ ದಂಡೆಯಲ್ಲಿಯೂ ಅಂಥದೇ ಪೇಟೆಯನ್ನು ಕಟ್ಟಿದನು. ತಾನು ಒಣಗಿಸಿದ ಬೇರಿಗೆ ತಾನೇ ನೀರೆರೆದಂತಾಯಿತೆಂದು ಕೆಲವರು ಅಂದರು. ಆ ಬಂದರಿನ ಪೇಟೆಯ ಕಳೆ ಬಹುಕಾಲ ಉಳಿಯಲಿಲ್ಲ. ಆ ಮಾತು ಇಲ್ಲಿ ಬೇಡ.

ಬಡವರ ಮನೆಯ ಪ್ರಶ್ನೆಯು ಆತನ ಬಾಗಿಲಿಗೆ ಬಂದ ರೀತಿಯನ್ನು ಹೇಳಬೇಕು. 1970ರ ದಶಕದ ಆದಿಯಲ್ಲಿ ವಾಷಿಂಗ್ಟನ್ನಿನ ಒಂದು ಸಣ್ಣ ಚರ್ಚಿಗೆ ಸೇರಿದ ಕೆಲವರು ಸ್ತ್ರೀಯರು ಅವನ ಬಳಿಗೆ ಬಂದರು. ತಮ್ಮ ಕೇರಿಯಲ್ಲಿ ರಿಟ್ಜ್, ಮೋಟ್ಸಾರ್ಟ್ ಎಂಬ ಎರಡು ಬಾಡಿಗೆ ಕಟ್ಟಡಗಳಿವೆ, ಅವನ್ನು ಕೊಂಡು ಅಲ್ಲಿರುವ ಬಡವರನ್ನು ಹೊರಹಾಕದೆಯೇ ದುರಸ್ತು ಮಾಡಬೇಕೆಂದಿದ್ದೇವೆ, ದಾರಿ ತೋರಿಸಿ ಎಂದು ಕೇಳಿದರು. ಹೆಸರು ಕೇಳಿದರೆ ಅರಮನೆ. ಒಳಗೆ ಇಲಿ, ಸೋರುವ ಕೊಳಾಯಿ, ಮುರಿದ ಮೆಟ್ಟಿಲು. ನಗರದ ನಿಯಮಗಳನ್ನು ಮೀರಿದ ಒಂಬೈನೂರಕ್ಕೂ ಮಿಗಿಲಾದ ಕೊರತೆಗಳು ಆ ಎರಡು ಕಟ್ಟಡಗಳಲ್ಲಿದ್ದುವು. ಲೆಕ್ಕ ಬಲ್ಲ ರೌಸನು, ಇದು ನಿಮ್ಮಿಂದ ಆಗದ ಕೆಲಸ, ಬಿಟ್ಟುಬಿಡಿ ಎಂದು ಹಿತವಾಗಿ ಹೇಳಿ ಕಳುಹಿಸಿದನು. ಅವರು ಹೋಗಿ ಮುಂಗಡ ಕೊಟ್ಟು ಮತ್ತೆ ಬಂದು ನಿಂತರು! ಇನ್ನೇನು ಮಾಡುವುದು? ಮಿಕ್ಕ ಹಣಕ್ಕೆ ಆತನೇ ವ್ಯವಸ್ಥೆ ಮಾಡಿದನು. ಆ ಸ್ತ್ರೀಯರೂ ಅವರ ಗೆಳೆಯರೂ ಬಾಡಿಗೆದಾರರೂ ಸೇರಿ ಸಾವಿರಾರು ಗಂಟೆಗಳ ಕಾಲ ಕೂಲಿಯಿಲ್ಲದೆ ದುಡಿದು ತೊಳೆದರು, ಬಳಿದರು, ರಿಪೇರಿ ಮಾಡಿದರು. ಕೆಲಸವಾಯಿತು.

ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಹದಿನಾಲ್ಕು ಸಾವಿರ ಎಕರೆಯ ನಗರವನ್ನು ಕಟ್ಟಿದವನಿಗೆ ಅಸಾಧ್ಯವೆಂದು ಕಂಡುದನ್ನು, ಅಸಾಧ್ಯವೆಂಬುದು ತಿಳಿಯದ ನಾಲ್ಕಾರು ಮಂದಿ ಹೆಂಗಸರು ಮಾಡಿ ತೋರಿಸಿದರು. ಅವರಿಂದ ಕಲಿಯುವುದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ. ಕಂಪನಿಯ ಆಡಳಿತದಿಂದ 1979ರಲ್ಲಿ ನಿವೃತ್ತನಾದನು. 1982ರಲ್ಲಿ, ಪತ್ನಿ ಪ್ಯಾಟಿಯೊಡನೆ ಎಂಟರ್‌ಪ್ರೈಸ್ ಎಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿದನು. ಆಕೆ ನಾರ್ಫಕ್ ನಗರದ ಗೃಹನಿರ್ಮಾಣ ಮಂಡಲಿಯಲ್ಲಿ ಸದಸ್ಯೆಯಾಗಿ ಬಡವರ ಮನೆಗಳ ಕಷ್ಟವನ್ನು ಮೊದಲೇ ಕಂಡಿದ್ದವಳು. ಊರೂರಿನಲ್ಲಿಯೂ ಆ ಸ್ತ್ರೀಯರಂಥ ಗುಂಪುಗಳಿರುತ್ತವೆ. ಅವರಿಗೆ ಹಣವೂ ಲೆಕ್ಕಾಚಾರದ ತಿಳಿವಳಿಕೆಯೂ ಒದಗಿದರೆ ಸಾಕು ಎಂಬುದು ಈ ಸಂಸ್ಥೆಯ ಮೂಲಭಾವ.

ಹಣ ತರಲು ರೌಸನು ಹೂಡಿದ ಉಪಾಯವೂ ವ್ಯಾಪಾರಿಯದೇ. ಧರ್ಮಸಂಸ್ಥೆಯ ಕೈಕೆಳಗೇ ಒಂದು ಕಟ್ಟಡದ ಕಂಪನಿ. ಅದು ಸಣ್ಣ ನಗರಗಳಲ್ಲಿ ಬಾಸ್ಟನ್ನಿನಂಥ ಪೇಟೆಗಳನ್ನು ಕಟ್ಟುವುದು. ಅದರ ಲಾಭವೆಲ್ಲ ಬಡವರ ಮನೆಗಳಿಗೆ. ಕಾಗದದ ಮೇಲೆ ಎಷ್ಟು ಸುಂದರ! ಟೊಲೀಡೊ ನಗರದ ಪೇಟೆ 1984ರಲ್ಲಿ ತೆರೆದು 1990ರಲ್ಲಿ ಮುಚ್ಚಿತು. ಫ್ಲಿಂಟ್ ನಗರದ್ದೂ ನಿಲ್ಲಲಿಲ್ಲ. ಕಾರ್ಖಾನೆಗಳು ಮುಚ್ಚಿ ಕೈಯಲ್ಲಿ ಕಾಸಿಲ್ಲದ ಊರಿನ ಜನ ಬಣ್ಣದ ಪೇಟೆಯಲ್ಲಿ ಕೊಳ್ಳುವುದಾದರೂ ಏನನ್ನು? ಪೇಟೆಯ ಲಾಭವೇ ಬಡವನ ಮನೆಯನ್ನು ಕಟ್ಟುವುದೆಂಬ ನಂಬಿಕೆಗೆ ಇದು ಪೆಟ್ಟಾಯಿತು.

ಆದುದರಿಂದಲೇ ಇರಬೇಕು, ಆತನು ಸರಕಾರದ ಬಾಗಿಲನ್ನು ಬಲವಾಗಿ ಬಡಿಯತೊಡಗಿದನು. 1986ರ ತೆರಿಗೆಯ ಕಾನೂನಿನಲ್ಲಿ ಒಂದು ಹೊಸ ಏರ್ಪಾಡು ಸೇರಿತು. ಕಡಮೆ ಬಾಡಿಗೆಯ ಮನೆಗಳಲ್ಲಿ ಬಂಡವಾಳ ಹೂಡಿದವರಿಗೆ ಹತ್ತು ವರ್ಷಗಳ ಕಾಲ ತೆರಿಗೆಯಲ್ಲಿ ಸೋಡಿ. ಅದಕ್ಕೆ ಪ್ರತಿಯಾಗಿ ಆ ಮನೆಗಳ ಬಾಡಿಗೆಯನ್ನು ಕ್ಲುಪ್ತವಾದ ಮಿತಿಯೊಳಗೆ ಇಡಬೇಕು. ಇದಕ್ಕಾಗಿ ಶ್ರಮಿಸಿದವರಲ್ಲಿ ರೌಸನ ಸಂಸ್ಥೆಯೂ ಒಂದು. ಬಡವರ ಮನೆಗಳನ್ನು ಕಟ್ಟಲು ಆ ದೇಶದಲ್ಲಿ ಇಂದಿಗೂ ಮುಖ್ಯ ಆಧಾರವಾಗಿರುವುದು ಈ ಸೋಡಿಯೇ. ತನ್ನ ಕಿಸೆಯಿಂದ ಕೊಟ್ಟುದಕ್ಕಿಂತ, ಇತರರ ಕಿಸೆಯಿಂದ ಬರುವಂತೆ ಮಾಡಿದುದರಲ್ಲಿ ಆತನ ದಾನ ದೊಡ್ಡದು.

ಕೊನೆಯ ದೊಡ್ಡ ಸಾಹಸ ಸ್ಯಾಂಡ್‌ಟೌನ್. ಬಾಲ್ಟಿಮೋರಿನ ಪಶ್ಚಿಮಭಾಗದ ಈ ಕೇರಿಯಲ್ಲಿ ಬಡತನ, ಮಾದಕವಸ್ತು, ಪಾಳುಮನೆಗಳು ತುಂಬಿದ್ದುವು. 1990ರ ಸುಮಾರಿಗೆ ಮೇಯರ್ ಕರ್ಟ್ ಶ್ಮೋಕ್ ಅವರೊಡನೆ ಸೇರಿ, ಮನೆಗಳನ್ನಷ್ಟೇ ಅಲ್ಲದೆ ಶಾಲೆ, ವೈದ್ಯ, ಉದ್ಯೋಗ ಎಲ್ಲವನ್ನೂ ಒಟ್ಟಿಗೆ ಎತ್ತಬೇಕೆಂದು ರೌಸನು ಹೊರಟನು. ಹತ್ತು ಕೋಟಿ ಡಾಲರುಗಳಿಗೂ ಹೆಚ್ಚು ಹಣ ಅಲ್ಲಿ ವೆಚ್ಚವಾಯಿತು. ನೂರಾರು ಸಂಸಾರಗಳು ಸ್ವಂತ ಮನೆ ಪಡೆದುವು, ಅದು ಸಣ್ಣದಲ್ಲ. ಆದರೆ ಉದ್ಯೋಗ ಬರಲಿಲ್ಲ. 2015ರಲ್ಲಿ ಪೋಲೀಸರ ವಶದಲ್ಲಿದ್ದಾಗ ಪೆಟ್ಟಾಗಿ ಫ್ರೆಡ್ಡಿ ಗ್ರೇ ಎಂಬ ತರುಣನು ಸತ್ತು ನಗರದಲ್ಲಿ ಬೆಂಕಿಯೆದ್ದಿತಷ್ಟೆ. ಅವನನ್ನು ಹಿಡಿದೊಯ್ದುದು ಇದೇ ಕೇರಿಯಿಂದ. ರೌಸನು ಸುರಿದ ಹಣವೆಲ್ಲ ನೀರಿನಲ್ಲಿ ಹೋಮಮಾಡಿದಂತಾಯಿತೆಂದು ಆಗ ಪತ್ರಿಕೆಗಳಲ್ಲಿ ಕೆಲವರು ಬರೆದರು. ನಾನು ಹಾಗೆನ್ನಲಾರೆ. ಐವತ್ತು ವರ್ಷ ಸಾಲ ಸಿಗದಂತೆ ಗೆರೆ ಎಳೆದು ಹೊರಗಿಟ್ಟ ಕೇರಿಯನ್ನು ಹತ್ತು ವರ್ಷದಲ್ಲಿ ಎತ್ತಿ ನಿಲ್ಲಿಸಲು ಯಾರಿಂದ ಆದೀತು?

1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಆ ದೇಶದ ಅತ್ಯುಚ್ಚ ನಾಗರಿಕ ಗೌರವಪದಕವನ್ನು ಆತನಿಗೆ ಕೊಟ್ಟರು. ಆ ವೇಳೆಗೆ ಸ್ನಾಯುಗಳನ್ನು ಕ್ಷೀಣಿಸುವ ನರರೋಗವೊಂದು ಆತನನ್ನು ಹಿಡಿದಿತ್ತು. 1996ರ ಏಪ್ರಿಲ್ 9ರಂದು ಕೊಲಂಬಿಯದ ಮನೆಯಲ್ಲಿ ಪ್ರಾಣಬಿಟ್ಟನು. ಎಂಬತ್ತೆರಡು ತುಂಬಲು ಇನ್ನು ಕೆಲವೇ ದಿನಗಳಿದ್ದುವು. ಪ್ರಸಿದ್ಧ ಚಲಚ್ಚಿತ್ರನಟ ಎಡ್ವರ್ಡ್ ನಾರ್ಟನ್ ಆತನ ಮಗಳ ಮಗ, ಬೆಳೆದುದು ಕೊಲಂಬಿಯದಲ್ಲಿಯೇ. ಅಜ್ಜನ ಧರ್ಮಸಂಸ್ಥೆಯ ಆಡಳಿತಮಂಡಲಿಯಲ್ಲಿ ಆತನೂ ಕೆಲಸಮಾಡಿದ್ದಾನೆ. ರೌಸನು ಮನೆ ಮಾಡಿಕೊಂಡಿದ್ದುದು ಆ ಊರಿನ ಮೊದಲ ಗ್ರಾಮದಲ್ಲಿ, ಕಟ್ಟೆಹಾಕಿ ಮಾಡಿದ ಕೆರೆಯೊಂದರ ದಂಡೆಯ ಮೇಲೆ. ಆತನು ಹೋದ ಮೇಲೆ ಪ್ಯಾಟಿ ಇನ್ನೂ ಹದಿನಾರು ವರ್ಷ ಬದುಕಿದ್ದಳು.